ಮೂರೂವರೆ ಗುಂಟೆ ಮಣ್ಣು

ಹೆಂಡತಿಯ ತಿಥಿಕಾರ್ಯಗಳನ್ನೆಲ್ಲ ಮುಗಿಸಿ ಅರಕಲಗೂಡಿನ ಕಚೇರಿಗೆ ಮರಳಿದ ದಿನ ನನ್ನ ಮೇಜಿನ ಮೇಲಿದ್ದದ್ದು ಸ್ಮಶಾನದ ಕಡತ. ಸೂಪರ್‌ವೈಸರು ಅದನ್ನು ನನ್ನತ್ತ ಸರಿಸುವಾಗ ಮುಖ ನೋಡಲಿಲ್ಲ.

“ಬೇರೆಯೋರಿಗೆ ಕೊಡೋಣ ಅಂತಿದ್ದೆ. ಆದ್ರೆ ಆ ಊರಿನ ಹಳೇ ಅಳತೆ ನಿಮ್ಮದೇ. ನೀವೇ ಹೋದ್ರೆ ಬೇಗ ಮುಗಿಯುತ್ತೆ,” ಎಂದರು.

ನಾನು ತಾಲ್ಲೂಕು ಕಚೇರಿಯ ಸರ್ವೇಯರ್. ಮನೆ ಹೊಳೆನರಸೀಪುರದಲ್ಲಿ, ದಿನವೂ ಬಸ್ಸಿನಲ್ಲಿ ಓಡಾಡುತ್ತೇನೆ. ಬೇಡ ಎನ್ನಲು ನನಗೆ ಕಾರಣವಿತ್ತು. ಆದರೆ ಬೇಡ ಎಂದರೆ ರಜೆ ಹಾಕಿ ಮನೆಗೆ ಹೋಗಬೇಕಾಗುತ್ತಿತ್ತು. ಕಡತ ತೆಗೆದುಕೊಂಡೆ.

ವಿಷಯ ಇಷ್ಟು. ತಾಲ್ಲೂಕಿನ ಅಂಚಿನ ಒಂದು ಹಳ್ಳಿ. ಅಲ್ಲಿನ ಕಾಲೊನಿಯಲ್ಲಿ ಯಾರಿಗೂ ಹೊಲವಿಲ್ಲ. ಹೊಲ ಇರುವವರು ಸತ್ತರೆ ಅವರವರ ಹೊಲದಲ್ಲೇ ಮಣ್ಣು ಮಾಡುತ್ತಾರೆ. ಇಲ್ಲದವರು ನಲವತ್ತು ವರ್ಷದಿಂದ ಕೆರೆಯ ಪಕ್ಕ, ಊರಿನ ಹಿರಿಯರೊಬ್ಬರ ತೆಂಗಿನ ತೋಟದ ಮೂಲೆಯಲ್ಲಿ ಹೂಳುತ್ತಿದ್ದರು. ಈಗ ಆ ಊರಿನ ನಿವೃತ್ತ ಮೇಷ್ಟ್ರೊಬ್ಬರು ಕಾಲೊನಿಯವರ ಪರವಾಗಿ ಅರ್ಜಿ ಬರೆದು, ತಮಗೊಂದು ಸರ್ಕಾರಿ ಸ್ಮಶಾನ ಬೇಕು ಎಂದು ಕೇಳಿದ್ದರು. ಹಳೆಯ ದಾಖಲೆಯ ಪ್ರಕಾರ ತೋಟಕ್ಕೂ ಕೆರೆ ಪಕ್ಕದ ಬಂಡಿದಾರಿಗೂ ನಡುವೆ ಒಂಬತ್ತೂವರೆ ಗುಂಟೆ ಸರ್ಕಾರಿ ಬೀಳು ಇತ್ತು. ಅದರ ಗಡಿ ಗುರುತಿಸಿ ವರದಿ ಕೊಡಬೇಕು. ತಹಶೀಲ್ದಾರರ ಸಹಿ ಇತ್ತು.

ಎಂಟು ವರ್ಷದ ಹಿಂದೆ ಆ ತೋಟವನ್ನು ಅಳೆದು ನಕ್ಷೆ ಮಾಡಿದವನು ನಾನೇ. ನನ್ನ ನಕ್ಷೆಯಲ್ಲಿ ಬೀಳು ಆರು ಗುಂಟೆ ಇತ್ತು. ಹಳೆಯ ದಾಖಲೆಗೂ ನನ್ನ ನಕ್ಷೆಗೂ ಮೂರೂವರೆ ಗುಂಟೆ ವ್ಯತ್ಯಾಸ. ಅಂಥ ವ್ಯತ್ಯಾಸಗಳು ಹೊಸದಲ್ಲ. ಹಳೆಯ ಕಾಲದ ಅಳತೆ ಒರಟು ಎಂದು ಹೇಳಿ ಮುಂದೆ ಹೋಗುವುದು ನಮ್ಮಲ್ಲಿ ರೂಢಿ.

ನೋಟಿಸು ಕೊಟ್ಟು, ಚೈನು ಹಿಡಿಯುವ ಇಬ್ಬರನ್ನು ಕರೆದುಕೊಂಡು ಹೋದೆ. ಕೆರೆಯ ಪಕ್ಕ ಬಂಡಿದಾರಿ. ದಾರಿಯ ಒಂದು ಕಡೆ ಏರಿಯ ಇಳಿಜಾರು, ಇನ್ನೊಂದು ಕಡೆ ಕಲ್ಲುಕಂಬದ ತಂತಿ ಬೇಲಿ. ಬೇಲಿಯ ಒಳಗೆ ಸಮಾಧಿಗಳು. ಎತ್ತರದ ಕಟ್ಟೆಗಳಿಲ್ಲ, ತಲೆಯ ಕಡೆ ನೆಟ್ಟ ಕಾಡುಕಲ್ಲುಗಳಷ್ಟೆ. ಕಾಲೊನಿಯವರು ಹೆಣ ತೆಗೆದುಕೊಂಡು ಬರಲೆಂದು ಬೇಲಿಯಲ್ಲಿ ಒಂದು ತಡಿಕೆ, ಬಿದಿರಿನ ಸಣ್ಣ ಬಾಗಿಲು, ಬಿಡಲಾಗಿತ್ತು. ಆ ತಡಿಕೆಯನ್ನು ಈಗ ಹೊಸ ತಂತಿಯಿಂದ ಬಿಗಿದು ಕಟ್ಟಲಾಗಿತ್ತು.

ತೋಟದ ಹಿರಿಯರನ್ನು ಊರಲ್ಲಿ ಎಲ್ಲರೂ ಯಜಮಾನರು ಎನ್ನುತ್ತಾರೆ. ಎಂಬತ್ತರ ಹತ್ತಿರದ ವಯಸ್ಸು. ಬೇಲಿಯ ಒಳಗೆ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಮೇಷ್ಟ್ರು ಹೊರಗೆ ದಾರಿಯಲ್ಲಿ ನಿಂತಿದ್ದರು. ಮಾತು ನಾನು ಬರುವ ಮೊದಲೇ ಶುರುವಾಗಿತ್ತು.

“ನಮ್ಮಪ್ಪ ಕೊಟ್ಟಾಗ ಅರ್ಜಿ ಇರ್ನಿಲ್ಲ, ನಕ್ಸೆ ಇರ್ನಿಲ್ಲ,” ಎನ್ನುತ್ತಿದ್ದರು ಯಜಮಾನರು. “ಬಾಯಲ್ಲಿ ಕೊಟ್ಟಿದ್ದು ನಲವತ್ತು ವರ್ಸ ನಿಂತೈತೆ. ನಿಮ್ ಸರ್ಕಾರ ಕಾಗ್ದದಲ್ಲಿ ಕೊಟ್ಟಿದ್ದು ಯಾವ್ದು ನಿಂತೈತೆ ಏಳಿ ನೋಡಾನ.”

“ನೀವು ಕೊಟ್ರಿ, ನಿಮ್ಮಪ್ಪ ಕೊಟ್ರು. ಇಲ್ಲ ಅಂದೋರ್ಯಾರು?” ಎಂದರು ಮೇಷ್ಟ್ರು. “ನಾಳೆ ನಿಮ್ಮ ಮಗ ಕೊಡದೆ ಹೋದ್ರೆ? ಊರಲ್ಲಿ ಒಂದು ಹೆಣ ಮಣ್ಣಾಗೋಕೆ ಒಬ್ಬ ಮನುಷ್ಯನ ಮನಸ್ಸು ಚೆನ್ನಾಗಿರಬೇಕು ಅಂತಿದ್ರೆ, ಅದು ಊರಾ ಯಜಮಾನ್ರೇ?”

“ಇವತ್ತು ಸ್ಮಸಾನ ಅಂತೀರ. ನಾಳೀಕೆ ಕಾಂಪೋಂಡು. ನಾಳಿದ್ದು ಗೇಟು. ಆ ಗೇಟಿನ ಬೀಗದ ಕೈ ಯಾರ ತಾವ ಇರ್ತದೆ? ಪಂಚಾಯ್ತಿ ತಾವ. ಅವ್ನು ಊಟಕ್ಕೋಗಿರ್ತಾನೆ. ಹೆಣ ಮಡಿಕಂಡು ಕಾಯ್ತಾ ಕೂತ್ಕಳಿ.”

“ಸರ್ಕಾರ ಬೇಡ ಅನ್ನೋರು ಡ್ರಿಪ್ಪು ಪೈಪು ಯಾಕೆ ಹಾಕಿಸಿಕೊಂಡ್ರಿ ಮತ್ತೆ? ತೋಟದ ತುಂಬ ಸರ್ಕಾರವೇ ಮಲಗಿದೆ.”

“ಅದು ಸರ್ಕಾರ ಅಲ್ಲ ಕಣಯ್ಯಾ,” ಎಂದರು ಯಜಮಾನರು. “ಅದು ಸ್ಕೀಮು.”

ಚೈನು ಹಿಡಿಯುವವರು ನಕ್ಕರು. ಮೇಷ್ಟ್ರೂ ನಕ್ಕರು. ಯಜಮಾನರು ನಗಲಿಲ್ಲ. ನನ್ನ ಕಡೆ ತಿರುಗಿ, “ಅಳ್ಕಳಿ ಸಾ. ನಿಮ್ ಕೆಲ್ಸ ನೀವು ಮಾಡಿ. ಅರ್ಜಿ ಕೊಡಾಗಂಟ ನಾನು ಯಾರ್ಗೂ ಇಲ್ಲ ಅಂದೋನಲ್ಲ. ಸರ್ಕಾರನ ಕೇಳವ್ರೆ, ಸರ್ಕಾರವೇ ಕೊಡ್ಲಿ. ನನ್ ಜಾಗದಲ್ಲಿ ಇನ್ನು ಗುದ್ಲಿ ಬೀಳಂಗಿಲ್ಲ,” ಎಂದರು.

ದಾರಿಯ ಆಚೆ, ಏರಿಯ ಕಲ್ಲಿನ ಮೇಲೆ ಒಬ್ಬ ಮುದುಕಿ ಕೂತಿದ್ದಳು. ಪಕ್ಕದಲ್ಲಿ ಅವಳ ಸೊಸೆ, ನಲವತ್ತರ ಹೆಂಗಸು. ಮುದುಕಿಯ ಕಾಲು ಊದಿತ್ತು. ಮಾತಾಡುವಾಗ ಉಸಿರು ಹಿಡಿಯುತ್ತಿತ್ತು. ಆ ಊದು ನನಗೆ ಗೊತ್ತಿತ್ತು. ನಮ್ಮ ಮನೆಯಲ್ಲೂ ಅದು ಪಾದದಿಂದ ಶುರುವಾಗಿ ಮೊಣಕಾಲಿಗೆ ಬಂದಿತ್ತು.

ಸೊಸೆ ನನ್ನ ಹತ್ತಿರ ಬಂದು ದನಿ ತಗ್ಗಿಸಿ ಕೇಳಿದಳು. “ಸಾ, ನಮ್ಮಾವ ಇದ್ರೊಳಗವ್ರೆ. ನಮ್ಮತ್ತೆ ಅವ್ರ ಮಗ್ಗುಲಿಗೇ ಓಗ್ಬೇಕು ಅಂತದೆ. ಡಾಕುಟ್ರು ಇನ್ನೊಂದೆರಡು ತಿಂಗ್ಳು ಅಂದವ್ರೆ. ಅಷ್ಟ್ರೊಳಗೆ ನಿಮ್ ಕಾಗ್ದ ಆಯ್ತದಾ?”

“ನೋಡೋಣ ಕಣಮ್ಮ,” ಎಂದೆ. ಸರ್ಕಾರಿ ಕೆಲಸದಲ್ಲಿ ಮೊದಲು ಕಲಿಯುವ ಮಾತು ಅದು.

ಯಜಮಾನರು ಬಾಗಿಲು ಮುಚ್ಚಿದ್ದರು. ಸರ್ಕಾರ ಇನ್ನೂ ಬಾಗಿಲು ತೆರೆದಿರಲಿಲ್ಲ. ಅರ್ಜಿ ಬರೆದವರ ಉದ್ದೇಶ ಒಳ್ಳೆಯದು. ಬೇಲಿ ಕಟ್ಟಿದವರೂ ನಲವತ್ತು ವರ್ಷ ಒಳ್ಳೆಯವರೇ ಆಗಿದ್ದವರು. ನಡುವೆ ಮುದುಕಿ ಕಲ್ಲಿನ ಮೇಲೆ ಕೂತಿದ್ದಳು.

ಅಳತೆ ಮೂರು ದಿನ ನಡೆಯಿತು. ನಮ್ಮ ಹಳೆಯ ಟಿಪ್ಪಣಿಗಳೆಲ್ಲ ಚೈನು, ಆಣೆಯ ಲೆಕ್ಕದವು. ಮೂವತ್ತಮೂರು ಅಡಿಗೆ ಒಂದು ಚೈನು, ಚೈನಿಗೆ ಹದಿನಾರು ಆಣೆ. ಒಂದು ಚೈನು ಉದ್ದ, ಒಂದು ಚೈನು ಅಗಲ ಇದ್ದರೆ ಒಂದು ಗುಂಟೆ. ಈಗ ಕಚೇರಿಗೆ ಹೊಸ ಯಂತ್ರಗಳು ಬಂದಿವೆ, ಆದರೆ ಹಳೆಯ ಗಡಿ ಹುಡುಕುವಾಗ ಹಳೆಯ ಲೆಕ್ಕದಲ್ಲೇ ನಡೆಯಬೇಕು. ಎಂಟು ವರ್ಷದ ಹಿಂದಿನ ನನ್ನ ನಕ್ಷೆಯಲ್ಲಿ ತೋಟದ ಗಡಿ ಎರಡು ಕಲ್ಲುಗಳ ನಡುವಿನ ನೇರ ಗೆರೆ. ಮೊದಲನೆಯ ಕಲ್ಲು ಮೇಲಿನ ಬಂಡೆಯ ಹತ್ತಿರ. ಎರಡನೆಯದು ಆರು ಚೈನು ಕೆಳಗೆ, ದಾರಿಯ ಅಂಚಿನಲ್ಲಿ. ಆ ಗೆರೆಯ ಮೇಲೆಯೇ ಯಜಮಾನರು ಬೇಲಿ ಹಾಕಿಸಿದ್ದರು.

ಗೆರೆಯ ಹೊರಗೆ, ಮೇಲುಗಡೆ ಉಳಿಯುವ ಆರು ಗುಂಟೆ ಬೀಳು ಏನಕ್ಕೂ ಬರುವಂಥದ್ದಲ್ಲ. ಒಂದಡಿ ಅಗೆದರೆ ಬಂಡೆ. ಮಣ್ಣು ಆಳವಾಗಿರುವುದು ಕೆಳಗಿನ ಮೂಲೆಯಲ್ಲಿ, ಸಮಾಧಿಗಳಿರುವ ಕಡೆ. ಅದು ಬೇಲಿಯ ಒಳಗಿತ್ತು.

ಮೊದಲ ದಿನ ಮೇಲಿನ ಕಲ್ಲಿನಿಂದ ಅಳೆದು ಬಂದೆ, ಎಲ್ಲ ಸರಿ. ಎರಡನೆಯ ದಿನ ಮೂರು ಊರುಗಳ ಗಡಿ ಕೂಡುವ ಕಲ್ಲಿನಿಂದ ಅಳೆದು ಕೆಳಗಿನ ಕಲ್ಲಿಗೆ ಬಂದೆ. ಒಂದು ಚೈನು ಮೂರು ಆಣೆ ವ್ಯತ್ಯಾಸ ಬಂತು. ಸುಮಾರು ಮೂವತ್ತೊಂಬತ್ತು ಅಡಿ. ಚೈನಿನ ಕೊಂಡಿ ಸಿಕ್ಕಿಕೊಂಡಿರಬೇಕು ಎಂದು ಮತ್ತೆ ಅಳೆಸಿದೆ. ಅಷ್ಟೇ ಬಂತು. ಊಟದ ಹೊತ್ತಿಗೆ ಫೋನ್ ತೆಗೆದು, ಹೆಂಡತಿಯ ಹೆಸರಿನವರೆಗೆ ಬೆರಳು ಹೋಗಿ ನಿಂತಿತು. ದಿನವೂ ಆ ಹೊತ್ತಿಗೆ ಅವಳಿಗೆ ಫೋನ್ ಮಾಡಿ, ಎಲ್ಲಿದ್ದೇನೆ, ಯಾರು ಯಾರಿಗೆ ಬೈದರು ಎಂದು ಹೇಳುವುದು ರೂಢಿ. ಫೋನ್ ಜೇಬಿಗೆ ಹಾಕಿಕೊಂಡು ಬುತ್ತಿ ಬಿಚ್ಚಿದೆ. ಬಸ್‌ಸ್ಟ್ಯಾಂಡಿನ ಹೋಟೆಲಿನ ಚಿತ್ರಾನ್ನ.

ಅವಳು ಅಂಗನವಾಡಿ ಕಾರ್ಯಕರ್ತೆ. ಚನ್ನರಾಯಪಟ್ಟಣದ ಕಡೆಯವಳು. ಸರ್ಕಾರದ ಪೂರ್ತಿ ಸಂಬಳ ತಿಂದು ಸರ್ಕಾರವನ್ನು ನಂಬದವನು ನಾನು. ಗೌರವಧನ ಅನ್ನುವ ಹೆಸರಿನಲ್ಲಿ ಸಿಕ್ಕಷ್ಟು ತೆಗೆದುಕೊಂಡು ಸರ್ಕಾರವನ್ನು ಪೂರ್ತಿ ನಂಬಿದವಳು ಅವಳು. ಒಂದು ಮಗುವಿನ ತೂಕ ಕಡಿಮೆಯಾದರೆ ಅದು ಸರ್ಕಾರಕ್ಕೆ ಗೊತ್ತಾಗಬೇಕು ಎನ್ನುವಳು. ಆ ಮಗುವಿಗೆ ಅಜ್ಜಿ ಇಲ್ಲವೇ, ನೆರೆಮನೆಯವರಿಲ್ಲವೇ ಎನ್ನುವವನು ನಾನು. “ಇದ್ದರೆ ಸರಿ. ಇಲ್ಲದಿದ್ರೆ?” ಎನ್ನುವಳು. ಅಲ್ಲಿಗೆ ನನ್ನ ಮಾತು ನಿಲ್ಲುತ್ತಿತ್ತು. ವಾದ ಮಾತ್ರ ಇಪ್ಪತ್ತಾರು ವರ್ಷದಲ್ಲಿ ಮುಗಿಯಲಿಲ್ಲ. ಅವಳು ಹೋದಾಗ ಶಾಂತಿಗ್ರಾಮದ ಹತ್ತಿರದ ನಮ್ಮೂರಿಗೆ, ಅಣ್ಣನಿಗೆ ಫೋನ್ ಮಾಡಿದೆ. ನಾವು ತಲುಪುವಷ್ಟರಲ್ಲಿ ನಮ್ಮ ಹೊಲದಲ್ಲಿ ಗುಂಡಿ ಸಿದ್ಧವಾಗಿತ್ತು. ಯಾರನ್ನೂ ಕೇಳಲಿಲ್ಲ. ಕೇಳಬೇಕಾದವರು ಇರುತ್ತಾರೆ ಎಂಬುದೂ ಹೊಳೆಯಲಿಲ್ಲ.

ಮೂರನೆಯ ದಿನ ಕೆಳಗಿನ ಕಲ್ಲಿನ ಸುತ್ತ ಲಂಟಾನ ಕಡಿಸಿದೆ. ಹಿಂದೆ ಬಂದಾಗ ಪೊದೆಯಿಂದ ಹೊರಗೆ ಕಂಡ ಅರ್ಧ ಅಡಿ ತುದಿಯನ್ನಷ್ಟೇ ನೋಡಿ, “ಬಾಂದುಕಲ್ಲು ಇದೆ” ಎಂದು ಬರೆದುಕೊಂಡಿದ್ದೆ. ಆ ದಿನ ಸಂಜೆ ಹೊಳೆನರಸೀಪುರದ ಕೊನೆಯ ಬಸ್ಸು ಹಿಡಿಯುವ ಅವಸರವಿತ್ತು. ಗಡಿಯ ಬಾಂದುಕಲ್ಲಾದರೆ ತಲೆಯ ಮೇಲೆ ಉಳಿಯ ಗುರುತು ಇರಬೇಕು, ನಾಲ್ಕು ಮೈ ಕೆತ್ತಿರಬೇಕು. ಇದಕ್ಕೆ ಎರಡೂ ಇರಲಿಲ್ಲ. ಚಪ್ಪಟೆ ಕಾಡುಕಲ್ಲು.

ಏರಿಯ ಮೇಲಿಂದ ಮುದುಕಿ ಕೂಗಿದಳು. “ಅದ ಯಾಕೆ ಸ್ವಾಮಿ ಕೀಳ್ತೀರಿ? ಅದು ನಮ್ಮನೆಯೋರ ತಲೆದೆಸೆ ಕಲ್ಲು. ನಾನೂ ನನ್ ಮಗನೂವೆ ಕೋಡಿ ತಾವಿಂದ ಒತ್ಕಬಂದು ನೆಟ್ಟಿದ್ದು.”

“ಕೀಳಲ್ಲ ಅಜ್ಜಿ,” ಎಂದೆ.

ಸೊಸೆ ನಕ್ಕಳು. “ನಮ್ಮಾವ ಬದುಕಿದ್ದಾಗ ಒಂದ್ ಗುಂಟೆ ಇರ್ನಿಲ್ಲ. ಸತ್ತಮ್ಯಾಲೆ ಯಜಮಾನ್ರ ತೋಟ ಕಾಯ್ತಾವ್ರಲ್ಲಾ ಸಾ.”

ನಾನು ನಗಲಿಲ್ಲ. ಒಂದು ಸಮಾಧಿಯ ಕಲ್ಲನ್ನು ಗಡಿಯ ಕಲ್ಲು ಎಂದು ಬರೆದಿದ್ದೆ. ಸತ್ತವರ ತಲೆಗೆ ಕಲ್ಲು ನೆಡುವ ಇಂಥದ್ದೇ ಊರಿನಲ್ಲಿ ಹುಟ್ಟಿದವನು ಮಾಡಬಾರದ ತಪ್ಪು. ಮೂರು ಊರುಗಳ ಕಲ್ಲಿನಿಂದ ಲೆಕ್ಕ ಹಾಕಿ, ಬೇಲಿಯ ಒಳಗೆ ಮೂವತ್ತೊಂಬತ್ತು ಅಡಿ ನಡೆದು, ಒಂದು ತೆಂಗಿನ ಮರದ ಬುಡದಲ್ಲಿ ಅಗೆಸಿದೆ. ಎರಡಡಿ ಕೆಳಗೆ ನಿಜವಾದ ಬಾಂದುಕಲ್ಲು ಸಿಕ್ಕಿತು. ನಾಲ್ಕು ಮೈ ಕೆತ್ತನೆ, ತಲೆಯ ಮೇಲೆ ಗುರುತು. ತೋಟದ ಬದು ಎತ್ತರಿಸಿದಾಗ ಮುಚ್ಚಿಹೋಗಿತ್ತು. ಯಜಮಾನರು ಕುರ್ಚಿಯಿಂದ ಎದ್ದು ಬಂದು ನೋಡಿದರು. ಮಣ್ಣು ಒರೆಸಿ ಗುರುತನ್ನು ಬೆರಳಿನಿಂದ ಮುಟ್ಟಿದರು.

ಮೇಲಿನ ಕಲ್ಲಿನಿಂದ ಈ ಕಲ್ಲಿಗೆ ಗೆರೆ ಎಳೆದರೆ, ಆ ಗೆರೆಗೂ ಬೇಲಿಗೂ ನಡುವೆ ತ್ರಿಕೋನದಂಥ ಜಾಗ ಬರುತ್ತದೆ. ಮೂರೂವರೆ ಗುಂಟೆ. ಸಮಾಧಿಗಳೆಲ್ಲ ಅದರಲ್ಲೇ. ಹಳೆಯ ದಾಖಲೆ ಒರಟಾಗಿರಲಿಲ್ಲ.

ಕಚೇರಿಯಲ್ಲಿ ಸೂಪರ್‌ವೈಸರ್ ಲೆಕ್ಕ ನೋಡಿ ಬಾಗಿಲು ಮುಂದೆ ಮಾಡಿದರು. “ಯಾಕ್ರೀ ಇದು? ಹಳೇ ನಕ್ಷೆ ಪ್ರಕಾರ ಆರು ಗುಂಟೆ ಇದೆ ಅಂತ ತೋರಿಸಿ ಮುಗಿಸಿ. ಅರ್ಜಿಗೂ ಉತ್ತರ ಆಗುತ್ತೆ. ನಿಮ್ಮ ತಪ್ಪು ನೀವೇ ಬರೆದುಕೊಟ್ರೆ ನೋಟಿಸು ಬರೋದು ನಿಮಗೆ. ಈಗಲೇ ನಿಮ್ಮ ಮನೇಲಿ...” ಎಂದು ನಿಲ್ಲಿಸಿದರು.

“ಆ ಆರು ಗುಂಟೆಯಲ್ಲಿ ಬಂಡೆ ಸಾರ್.”

“ಬಂಡೆ ಇದೆಯೋ ಮಣ್ಣಿದೆಯೋ ಸರ್ವೇಯರ್ ನೋಡೋದಲ್ಲ.”

ಅವರು ಹೇಳಿದ್ದು ನಿಯಮದ ಪ್ರಕಾರ ಸರಿಯೇ. ಎರಡು ದಿನ ಕಡತವನ್ನು ಚೀಲದಲ್ಲಿಟ್ಟುಕೊಂಡು ಓಡಾಡಿದೆ. ಹಳೆಯ ನಕ್ಷೆಯನ್ನೇ ಉಳಿಸಿದರೆ ಯಜಮಾನರು ತಣ್ಣಗಾಗಿ ತಡಿಕೆ ಬಿಚ್ಚಬಹುದು, ಮುದುಕಿಗೆ ಬೇಕಾದ ಜಾಗ ಸಿಗಬಹುದು. ಹಾಗೆ ಯೋಚಿಸುವುದು ನನ್ನ ಸ್ವಭಾವಕ್ಕೆ ಹತ್ತಿರ. ಊರಿನವರು ಊರಿನಲ್ಲೇ ಸರಿಮಾಡಿಕೊಳ್ಳಲಿ, ಕಾಗದ ಎಷ್ಟು ಕಡಿಮೆ ಇದ್ದರೆ ಅಷ್ಟು ಒಳ್ಳೆಯದು. ಆದರೆ ಆ ಕಾಗದ ಈಗಾಗಲೇ ಇತ್ತು, ಸುಳ್ಳು ಹೇಳುತ್ತಿತ್ತು, ಅದರ ಕೆಳಗೆ ನನ್ನ ಸಹಿ ಇತ್ತು. ಯಜಮಾನರು ದಾನ ಎಂದುಕೊಂಡು ಕೊಡುತ್ತಿದ್ದ ಜಾಗ ಅವರದ್ದಾಗಿರಲಿಲ್ಲ. ಕಾಲೊನಿಯವರು ಎಂಟು ವರ್ಷದಿಂದ ತಲೆತಗ್ಗಿಸಿ ಆ ತಡಿಕೆಯಲ್ಲಿ ನುಸುಳುತ್ತಿದ್ದದ್ದು ನನ್ನ ಬಸ್ಸಿನ ಅವಸರದಿಂದ. ಮೂರನೆಯ ದಿನ ವರದಿ ಬರೆದೆ. “ಹಿಂದಿನ ಅಳತೆಯಲ್ಲಿ ಸಮಾಧಿಯ ಕಲ್ಲನ್ನು ಬಾಂದುಕಲ್ಲೆಂದು ನಾನು ತಪ್ಪಾಗಿ ಗುರುತಿಸಿರುತ್ತೇನೆ.” ಅಷ್ಟು ಬರೆಯಲು ಒಂದು ಬೆಳಿಗ್ಗೆ ಹಿಡಿಯಿತು.

ಮೇಷ್ಟ್ರು ಕಚೇರಿಗೆ ಬಂದು ಕೈಕುಲುಕಿದರು. “ಇದಪ್ಪ ಸರ್ಕಾರ ಅಂದ್ರೆ,” ಎಂದರು. ನನಗೆ ಕೈ ಹಿಂತೆಗೆದುಕೊಳ್ಳಬೇಕು ಅನ್ನಿಸಿತು.

ವಾರದೊಳಗೆ ಯಜಮಾನರು ಹಾಸನದ ಮೇಲಿನ ಕಚೇರಿಗೆ ಮೇಲ್ಮನವಿ ಹಾಕಿದರು. ತೀರ್ಮಾನ ಆಗುವವರೆಗೆ ಆ ಮೂರೂವರೆ ಗುಂಟೆಯಲ್ಲಿ ಯಾರೂ ಅಗೆಯಬಾರದು, ಕಟ್ಟಬಾರದು, ಇದ್ದದ್ದು ಇದ್ದ ಹಾಗೆ ಇರಬೇಕು ಎಂದು ತಡೆಯಾಜ್ಞೆ ಬಂತು. ನನಗೆ ಕಾರಣ ಕೇಳಿ ನೋಟಿಸೂ ಬಂತು. ತಡೆಯಾಜ್ಞೆಯ ಪ್ರತಿ ಕೊಡಲು ಯಜಮಾನರ ಮನೆಗೆ ಹೋದೆ. ಜಗುಲಿಯಲ್ಲಿ ಕೂರಿಸಿ ಎಳನೀರು ಕೊಡಿಸಿದರು.

“ನಿಮ್ ಮೇಲೆ ಸಿಟ್ಟಿಲ್ಲ ಸಾ. ಕಲ್ಲು ನಾನೂ ನೋಡ್ದೆ. ಆದ್ರೆ ನಮ್ಮಪ್ಪ ಕೊಟ್ಟಿದ್ದು ಬ್ಯಾರೆಯೋರ ಜಾಗ ಅಂತ ಬರ್ಕೊಡಿ ಅಂದ್ರೆ ಎಂಗೆ ಬರ್ಕೊಡ್ಲಿ?”

“ಸ್ಟೇ ಬೇಡ ಅಂದಿದ್ರೆ ಆಗ್ತಿತ್ತು ಯಜಮಾನ್ರೇ. ಆ ಅಜ್ಜಿಗೆ ಹುಷಾರಿಲ್ಲ.”

“ಗೊತ್ತು. ಅವ್ಳು ಗದ್ದೆ ನಾಟಿಗೆ ಬಂದು ನಮ್ಮವ್ವನ ಕೈಯಲ್ಲಿ ಊಟ ಮಾಡ್ದೋಳು. ನಾನು ಸ್ಟೇ ಕೇಳ್ನಿಲ್ಲ. ಲಾಯರು ಆಕ್ಸವ್ನೆ. ಈಗ ನಾನೇ ಒಂದು ಗುದ್ಲಿ ಆಕ್ಸಿದ್ರೆ ಕೇಸು ಬಿದ್ದೋಯ್ತದೆ ಅಂತವ್ನೆ.” ತೋಟದ ಕಡೆ ನೋಡಿ, “ನನ್ ತ್ವಾಟಕ್ಕೆ ಓಗಾಕೆ ನನ್ಗೇ ಬಯ ಆಗೈತೆ,” ಎಂದರು.

ಪತ್ರಿಕೆಗಳಲ್ಲಿ ಒಬ್ಬರನ್ನು ಸಂಪ್ರದಾಯವಾದಿ, ಇನ್ನೊಬ್ಬರನ್ನು ಉದಾರವಾದಿ ಎಂದು ಬರೆಯುತ್ತಾರೆ. ಒಬ್ಬರಿಗೆ ಸರ್ಕಾರ ಕಡಿಮೆ ಇರಬೇಕು, ಇನ್ನೊಬ್ಬರಿಗೆ ಹೆಚ್ಚು ಇರಬೇಕು. ನಾನು ಆ ಊರಿನಲ್ಲಿ ಕಂಡದ್ದು ಎರಡು ಭಯ. ಸರ್ಕಾರ ಒಳಗೆ ಬಂದುಬಿಟ್ಟರೆ ಎಂಬ ಭಯ ಯಜಮಾನರದ್ದು. ಬಾರದೇ ಹೋದರೆ ಎಂಬ ಭಯ ಮೇಷ್ಟ್ರದ್ದು. ಯಜಮಾನರು ಹೆದರಿ ಸರ್ಕಾರವನ್ನು ದೂರವಿಡಲು ಹೋಗಿ ತೋಟದ ನಡುವಿಗೇ ಕರೆದುಕೊಂಡರು. ಮೇಷ್ಟ್ರು ಸರ್ಕಾರವನ್ನು ಕರೆದು ಅದರ ಬಾಗಿಲಲ್ಲಿ ಕಾಯುತ್ತಿದ್ದರು. ಸರ್ಕಾರದ ಚೈನು ಹಿಡಿದ ನಾನು ಇಬ್ಬರ ನಡುವೆ ಸಿಕ್ಕಿಕೊಂಡಿದ್ದೆ. ಮನೆಗೆ ಹೋದರೆ ಅಲ್ಲಿಯೂ ಅದೇ ವಾದದ ಅರ್ಧಭಾಗ ಖಾಲಿ ಕೂತಿರುತ್ತಿತ್ತು. ಎದುರು ಹೇಳುವವರಿಲ್ಲದೆ ನನ್ನ ಮಾತುಗಳನ್ನು ನಾನೇ ನಂಬುವುದು ಕಷ್ಟವಾಯಿತು.

ಒಂದು ಮಂಗಳವಾರ ಬೆಳಿಗ್ಗೆ ಸೊಸೆ ಫೋನ್ ಮಾಡಿದಳು. “ಸಾ, ನಮ್ಮತ್ತೆ ಓಯ್ತು. ಎಲ್ಲಿ ಅಗೀಲಿ? ಅದೊಂದು ಏಳಿ.”

ತಹಶೀಲ್ದಾರರಿಗೆ ಹೇಳಿದೆ. ಒಳ್ಳೆಯ ಅಧಿಕಾರಿ. ಅರ್ಧ ಗಂಟೆಯಲ್ಲಿ ವಾಪಸ್ ಫೋನ್ ಮಾಡಿದರು. ಪಟ್ಟಣದ ಸ್ಮಶಾನದಲ್ಲಿ ಜಾಗ ಇದೆ, ವ್ಯಾನು ಕಳಿಸುತ್ತೇನೆ, ಖರ್ಚಿಲ್ಲ, ನೀವೇ ಹೋಗಿ ಮುಂದೆ ನಿಂತು ಮಾಡಿಸಿ ಎಂದರು. ಅವರ ಕೈಯಲ್ಲಿ ಆಗುವುದನ್ನೆಲ್ಲ ಅವರು ಮಾಡಿದ್ದರು. ನಾನು ಹೋದಾಗ ವ್ಯಾನು ಬಂದು ದಾರಿಯಲ್ಲಿ ನಿಂತಿತ್ತು. ಮುದುಕಿಯ ಹೆಣವನ್ನು ಅಂಗಳದಲ್ಲಿ ಕೂರಿಸಿದ್ದರು. ಸೊಸೆ ವ್ಯಾನನ್ನು ನೋಡಿ ತಲೆ ಅಲ್ಲಾಡಿಸಿದಳು.

“ಅಲ್ಲಿ ಅವ್ಳಿಗೆ ಯಾರು ಗೊತ್ತು ಸಾ? ಅಬ್ಬ ಅರಿದಿನ ಬಂದ್ರೆ ಎಡೆ ಇಕ್ಕಾಕೆ ನಾವು ಬಸ್ಸತ್ಕೊಂಡು ಓಗಾದಾ?”

ಮೇಷ್ಟ್ರು ಕೆಂಪಾಗಿದ್ದರು. “ಹೋಗಕೂಡದು. ಇಲ್ಲೇ ಹೂಳಿ. ಜಾಗ ಸರ್ಕಾರದ್ದು ಅಂತ ಇವರೇ ಬರೆದುಕೊಟ್ಟಿದ್ದಾರೆ. ಏನಾಗುತ್ತೋ ನಾನು ನೋಡ್ಕೊತೀನಿ.”

“ಏನಾಯ್ತದೆ ಅಂದ್ರೆ ಮೇಷ್ಟ್ರೇ, ಪೊಲೀಸ್ನೋರು ಬಂದು ನನ್ ಗಂಡನ್ನ ಎತ್ಕೊಂಡೋಯ್ತಾರೆ. ನಿಮ್ಮನ್ನಲ್ಲ,” ಎಂದಳು ಸೊಸೆ.

ನನಗೆ ಆಗ ಒಂದೇ ವಿಷಯ ಗೊತ್ತಿತ್ತು, ನನ್ನ ಕಸುಬಿನ ವಿಷಯ. ಚೀಲದಿಂದ ಎರಡೂ ನಕ್ಷೆ ತೆಗೆದೆ. ನನ್ನ ಹಳೆಯದು, ಹೊಸದು. ಎರಡರಲ್ಲೂ ಬಂಡಿದಾರಿ ವ್ಯಾಜ್ಯದ ಹೊರಗೆ. ಯಜಮಾನರ ವಕೀಲರು ಹಾಕಿದ ನಕ್ಷೆಯಲ್ಲೂ ಹಾಗೇ. ಮುದುಕಿಯ ಗಂಡನ ಸಮಾಧಿ ಬೇಲಿಗೆ ತಾಗಿದಂತೆ ಒಳಗಿತ್ತು. ಬೇಲಿಯ ಈಚೆ ದಾರಿ. ಎಲ್ಲರನ್ನೂ ಅಲ್ಲಿಗೆ ಕರೆದುಕೊಂಡು ಹೋಗಿ, ಸುಣ್ಣದ ಪುಡಿ ತರಿಸಿ, ತಡೆಯಾಜ್ಞೆ ಎಲ್ಲಿಗೆ ಮುಗಿಯುತ್ತದೆ ಎಂದು ಬೇಲಿಯ ಉದ್ದಕ್ಕೂ ಗೆರೆ ಹಾಕಿದೆ. ಇಲ್ಲಿ ಅಗೆಯಿರಿ ಎಂದು ನಾನು ಹೇಳಲಿಲ್ಲ. ದಾರಿಯಲ್ಲಿ ಹೂಳುವುದಕ್ಕೂ ನಿಯಮವಿಲ್ಲ. ಗೆರೆ ಹಾಕಿ ಹಿಂದೆ ಸರಿದೆ.

ಸೊಸೆ ಗೆರೆಯನ್ನೂ ಬೇಲಿಯನ್ನೂ ನೋಡಿದಳು. ಗೆರೆಯ ಈಚೆ, ಮಾವನ ಕಲ್ಲಿಗೆ ಸರಿಯಾಗಿ ನಿಂತು, “ಇಲ್ಲಿ,” ಎಂದಳು.

“ದಾರಿಯಲ್ಲಾ?” ಎಂದರು ಮೇಷ್ಟ್ರು. “ನಾನು ಹೋರಾಡಿದ್ದು ಮನುಷ್ಯರನ್ನು ದಾರಿಯಲ್ಲಿ ಹೂಳೋಕಲ್ಲ ಕಣಮ್ಮ.”

“ನೀವು ಓರಾಡಿ ಮೇಷ್ಟ್ರೇ. ನಾವು ಅಷ್ಟ್ರಲ್ಲಿ ಮಣ್ ಮಾಡ್ತೀವಿ.”

ವ್ಯಾನನ್ನು ಹಿಂದಕ್ಕೆ ಕಳಿಸಿದರು. ಮಧ್ಯಾಹ್ನದ ಹೊತ್ತಿಗೆ ಎಲ್ಲ ಮುಗಿಯಿತು. ಮೇಷ್ಟ್ರು ಹೋಗಲಿಲ್ಲ, ಪಂಚೆ ಎತ್ತಿ ಕಟ್ಟಿ ಮಣ್ಣು ಎಳೆದರು. ಯಜಮಾನರು ಬರಲಿಲ್ಲ. ತೋಟದ ಒಳಗೆ, ದೂರದಲ್ಲಿ, ಟವೆಲು ಹೆಗಲಿಂದ ತೆಗೆದು ಕೈಯಲ್ಲಿ ಹಿಡಿದು ನಿಂತದ್ದು ಕಂಡಿತು. ಮುದುಕಿ ಬೇಲಿಯ ಹೊರಗೆ, ಅವಳ ಗಂಡ ಒಳಗೆ. ನಡುವೆ ಮೂರು ಎಳೆ ತಂತಿ. ನನ್ನ ಹೆಂಡತಿಯ ಮಣ್ಣಿನ ದಿನ ಬಾರದ ಅಳು ನನಗೆ ಅಲ್ಲಿ ಬಂತು. ಏರಿಯ ಕಡೆ ತಿರುಗಿ ನಿಂತೆ.

ಎರಡು ತಿಂಗಳ ಮೇಲೆ ಹಾಸನದಿಂದ ಆದೇಶ ಬಂತು. ತೀರ್ಮಾನವಲ್ಲ, ಈಗ 'ಸ್ಥಳದಲ್ಲಿ ಇರುವ ಬೇಲಿ, ದಾರಿ, ಸಮಾಧಿ' ಎಲ್ಲವನ್ನೂ ಅಳೆದು ಸ್ಥಿತಿ ವರದಿ ಕೊಡಿ ಎಂದಿತ್ತು. ನೋಟಿಸಿನ ವಿಚಾರಣೆ ಮುಗಿಯದ ನನ್ನನ್ನೇ ಕಳಿಸಿದರು. ಆ ಊರಿಗೆ ಹೋಗಲು ಬೇರೆ ಯಾರೂ ಒಪ್ಪಿರಲಿಲ್ಲ.

ಹೋಗಿ ನೋಡಿದರೆ ಬೇಲಿಯ ಮೂಲೆ ಬದಲಾಗಿತ್ತು. ಮೂರು ಕಲ್ಲುಕಂಬಗಳನ್ನು ಕಿತ್ತು ಒಳಗೆ ನೆಟ್ಟಿದ್ದರು. ಎಂಟು ಅಡಿ ಎರಡು ಅಂಗುಲ. ಈಗ ಎರಡೂ ಸಮಾಧಿ ಹೊರಗೆ, ಒಂದರ ಮಗ್ಗುಲಿಗೆ ಒಂದು. ಮುದುಕಿಯ ತಲೆಗೂ ಕಲ್ಲು ನೆಟ್ಟಿದ್ದರು.

ಯಜಮಾನರು ಹೊಸ ಕಂಬದ ಹತ್ತಿರ ನಿಂತಿದ್ದರು.

“ಟ್ರ್ಯಾಕ್ಟ್ರು ತಿರುಗ್ತಿರ್ನಿಲ್ಲ ಸಾ. ದಾರಿ ಸಣ್ಣದಾಗೋಗಿತ್ತು. ಅದ್ಕೆ ಕಿತ್ತೆ.”

“ಸ್ಟೇ ಇದೆಯಲ್ಲ ಯಜಮಾನ್ರೇ. ಇದ್ದದ್ದು ಇದ್ದ ಹಾಗೆ ಇರಬೇಕು.”

“ಟ್ರ್ಯಾಕ್ಟ್ರಿಗೆ ಸ್ಟೇ ಗೊತ್ತಾ?” ಎಂದರು. ಆಮೇಲೆ ದನಿ ತಗ್ಗಿಸಿ, “ಇದು ನನ್ಗೂ ಅವ್ಳಿಗೂ ಇರಾ ಮಾತು. ಕಾಗ್ದಕ್ಕೆ ತರ್ಬ್ಯಾಡಿ. ತಂದ್ರೆ ನಾನು ನಾಳೀಕೇ ವಾಪಸ್ ನೆಡ್ತೀನಿ. ಸೋತೆ ಅಂತ ಬರ್ಸ್ಕಳಾಕೆ ನನ್ ಕೈಲಿ ಆಗಾಕಿಲ್ಲ,” ಎಂದು ತೋಟದ ಒಳಗೆ ನಡೆದರು.

ಮೇಷ್ಟ್ರು ಕಾಯುತ್ತಿದ್ದರು. “ಬರೀರಿ ಸರ್ವೇಯರ್ರೇ. ತಾವಾಗಿ ಹಿಂದೆ ಸರಿದಿದ್ದಾರೆ ಅಂದ್ರೆ ಜಾಗ ತಮ್ಮದಲ್ಲ ಅಂತ ಒಪ್ಪಿದ ಹಾಗೆ. ಇದಕ್ಕಿಂತ ಸಾಕ್ಷಿ ಬೇಕಾ? ಇವತ್ತು ಬರೆಯದೆ ಬಿಟ್ರೆ ನಾಳೆ ಅವರ ಮಗ ಬಂದು ಕಂಬ ಮತ್ತೆ ಮುಂದಕ್ಕೆ ನೆಡ್ತಾನೆ.”

ಅವರು ಹೇಳಿದ್ದು ನಿಜ. ಯಜಮಾನರು ಹೇಳಿದ್ದೂ ನಿಜ. ನನ್ನ ಕೆಲಸ ಸ್ಥಳದಲ್ಲಿ ಇರುವುದನ್ನು ಬರೆಯುವುದು. ಒಮ್ಮೆ ಬರೆಯುವಾಗ ತಪ್ಪಿ ಏನಾಯಿತು ಎಂದು ನೋಡಿಯೂ ಆಗಿತ್ತು. ನಿಜವಾದ ಗಡಿಯ ಲೆಕ್ಕ ನನ್ನ ಹಿಂದಿನ ವರದಿಯಲ್ಲಿ ಭದ್ರವಾಗಿಯೇ ಇತ್ತು. ಇದನ್ನು ಬರೆದರೂ ಬಿಟ್ಟರೂ ಅದು ಅಲುಗುವುದಿಲ್ಲ. ಮೇಷ್ಟ್ರಿಗೆ ಅದನ್ನು ಹೇಳಿದೆ. “ಆದರೂ,” ಎಂದರು ಅವರು.

ಸೊಸೆ ಸಮಾಧಿಯ ಮೇಲಿನ ಹುಲ್ಲು ಕೀಳುತ್ತಿದ್ದಳು. ಅವಳನ್ನು ಕೇಳಿದೆ. ಯಾವ ಅಳತೆಯಲ್ಲೂ ನಾನು ಯಾರನ್ನೂ ಏನು ಬರೆಯಲಿ ಎಂದು ಕೇಳಿದವನಲ್ಲ.

ಅವಳು ಕೈಯ ಮಣ್ಣು ಒದರಿಕೊಂಡಳು. “ಕೇಸು ಗೆದ್ರೆ ಗೆದ್ಕಳಾವ ಸಾ. ಮೇಷ್ಟ್ರು ಗೆಲ್ಲಿಸ್ಲಿ. ನಮ್ಗೂ ಬೇಕು ಅದು, ನನ್ ಮಕ್ಳಿಗೆ ಬೇಕು. ಆದ್ರೆ ಇದ ಮಾತ್ರ ಯಜಮಾನ್ರು ಇರಾಗಂಟ ಬರೀಬ್ಯಾಡಿ. ಆಮ್ಯಾಕೆ ಬೇಕಾದ್ರೆ ಬರ್ಕಳಿ.”

ಮೇಷ್ಟ್ರು ಅವಳ ಮುಖ ನೋಡಿ, ಪಕ್ಕದಲ್ಲಿ ಕೂತು ತಾವೂ ಹುಲ್ಲು ಕೀಳತೊಡಗಿದರು.

ನಾನು ಪುಸ್ತಕ ಬಿಚ್ಚಿ ಆ ಮೂಲೆಗೆ ಹಳೆಯ ಬೇಲಿಯ ಅಳತೆಯನ್ನೇ ಬರೆದೆ, ಕೆಳಗೆ ಸಹಿ ಹಾಕಿದೆ. ಇಪ್ಪತ್ತೆಂಟು ವರ್ಷದ ಕೆಲಸದಲ್ಲಿ ಗೊತ್ತಿಲ್ಲದೆ ಎಷ್ಟು ತಪ್ಪು ಅಳತೆ ಬರೆದಿದ್ದೇನೋ ನನಗೆ ತಿಳಿಯದು. ಗೊತ್ತಿದ್ದೂ ಬರೆದದ್ದು ಅದೊಂದೇ.